ಬೆಟ್ಟದ ಮೇಲೊಂದು ಚಿಕ್ಕ ಕಡಲು

ಬೆಟ್ಟಗಳೂ ಮನುಷ್ಯರ ಮಾತಿಗೆ ತಲೆದೂಗುತ್ತಿದ್ದ ಕಾಲದಲ್ಲಿ ಮೇಘಗಿರಿ ಎಂಬ ಒಂದು ರಾಜ್ಯವಿತ್ತು. ಅದು ಎಷ್ಟು ಎತ್ತರದಲ್ಲಿತ್ತೆಂದರೆ, ಮಳೆಗಾಲದಲ್ಲಿ ಮೋಡಗಳು ಅರಮನೆಯ ಒಂದು ಕಿಟಕಿಯಿಂದ ಒಳಗೆ ಬಂದು ಇನ್ನೊಂದು ಕಿಟಕಿಯಿಂದ ಹೊರಗೆ ಹೋಗುತ್ತಿದ್ದವು. ಅಲ್ಲಿಯ ಜನ ಕಡಲನ್ನು ಕಂಡವರಲ್ಲ. ಕಡಲು ಎಂದರೆ ದೊಡ್ಡ ಕೆರೆ ಎಂದು ಕೆಲವರು ಹೇಳುತ್ತಿದ್ದರು. ಅದೆಲ್ಲ ಕಟ್ಟುಕತೆ ಎಂದು ಇನ್ನು ಕೆಲವರು ಹೇಳುತ್ತಿದ್ದರು.

ಆ ರಾಜ್ಯವನ್ನು ಆಳುತ್ತಿದ್ದವನು ವಜ್ರಬಾಹು. ಅವನ ರಾಣಿ ಚಿತ್ರಾಂಬೆ. ಅವರಿಗೆ ವಾರಿಜೆ ಎಂಬ ಮಗಳು. ಅವಳ ಬೆನ್ನಿಗೆ ಮೂವರು ಗಂಡುಮಕ್ಕಳು: ಅರಿಂಜಯ, ಪುರಂಜಯ, ಶತ್ರುಂಜಯ. ಹೆಸರು ಕೇಳಿದರೆ ಮೂವರೂ ಯುದ್ಧ ಗೆದ್ದು ಬಂದವರು ಅನ್ನಿಸುತ್ತಿತ್ತು. ಆದರೆ ಅವರು ಗೆದ್ದದ್ದು ಅಡುಗೆಮನೆಯ ಹೋಳಿಗೆ ಡಬ್ಬಿಯನ್ನು ಮಾತ್ರ. ಅಡುಗೆಮನೆಯ ಯಜಮಾನಿ ಬೊಮ್ಮಕ್ಕ ಸೌಟು ಹಿಡಿದು ಅವರ ಹಿಂದೆ ಓಡದ ದಿನವಿರಲಿಲ್ಲ.

ಒಂದು ಕಾರ್ತಿಕ ಮಾಸದಲ್ಲಿ ತಾಮ್ರಜಟಿ ಎಂಬ ಮಾಂತ್ರಿಕ ಅರಮನೆಗೆ ಬಂದ. ಅವನ ತಲೆಗೂದಲು ನಿಜವಾದ ತಾಮ್ರದ್ದು. ಅದನ್ನು ಜಡೆ ಹೆಣೆದು ನೆಲಕ್ಕೆ ತಾಗುವಂತೆ ಬಿಟ್ಟುಕೊಂಡಿದ್ದ. ನಡೆದರೆ ಜಡೆ ಠಣ್ ಠಣ್ ಎನ್ನುತ್ತಿತ್ತು. ಅವನ ಶಕ್ತಿಯೆಲ್ಲ ಆ ಜಡೆಯಲ್ಲಿತ್ತು. ಹಾಗಾಗಿ ರಾಜನೂ ಅವನ ಮುಂದೆ ತಗ್ಗಿ ಮಾತಾಡುತ್ತಿದ್ದ. ಅವತ್ತು ಆಸ್ಥಾನದಲ್ಲಿ ಸಂಗೀತ ನಡೆಯುತ್ತಿತ್ತು. ತಾಮ್ರಜಟಿ ಹೊಟ್ಟೆ ತುಂಬ ಉಂಡು, ಪೀಠದಲ್ಲಿ ಕೂತಲ್ಲೇ ಗೊರಕೆ ಹೊಡೆಯತೊಡಗಿದ. ಮೂವರು ಹುಡುಗರು ಮೆಲ್ಲಗೆ ಹಿಂದಿನಿಂದ ಹೋಗಿ ಅವನ ಜಡೆಯನ್ನು ಕಂಬಕ್ಕೆ ಸುತ್ತಿ ಗಂಟು ಹಾಕಿದರು.

ಸಂಗೀತ ಮುಗಿಯಿತು. ತಾಮ್ರಜಟಿ ಎಚ್ಚರಗೊಂಡು, ಆಶೀರ್ವಾದ ಮಾಡಲು ಗಂಭೀರವಾಗಿ ಎದ್ದು ನಿಂತು ಒಂದು ಹೆಜ್ಜೆ ಮುಂದಿಟ್ಟ. ಮರುಕ್ಷಣ ಅಂಗಾತ ಬಿದ್ದ. ಎರಡು ಕಾಲೂ ಮೇಲೆ. ಸಭೆಯೆಲ್ಲ ನಕ್ಕಿತು. ಮಂತ್ರಿ ನಕ್ಕ ರಭಸಕ್ಕೆ ಅವನ ಪೇಟ ಕಳಚಿ ಮೃದಂಗದ ಮೇಲೆ ಬಿತ್ತು.

ಮಾಂತ್ರಿಕ ಜಡೆ ಬಿಡಿಸಿಕೊಂಡು ಎದ್ದಾಗ ಯಾರೂ ನಗುತ್ತಿರಲಿಲ್ಲ.

"ನನ್ನನ್ನು ಕಂಬಕ್ಕೆ ಅಂಟಿಸಿದಿರಿ," ಎಂದ ಅವನು. "ನೀವು ಬಂಡೆಗೆ ಅಂಟಿಕೊಂಡು ಬಾಳಿ. ಕೈಕಾಲಿನ ಕುಚೇಷ್ಟೆ ಅಲ್ಲವೇ ನಿಮಗೆ? ಐದೈದು ಕಾಲಿರಲಿ. ನಗುವ ಬಾಯಿ ಹೊಟ್ಟೆಯ ಅಡಿಗೆ ಹೋಗಲಿ. ಕಡಲ ನಕ್ಷತ್ರಗಳಾಗಿ."

ಅವನು ಚಪ್ಪಾಳೆ ತಟ್ಟಿದ. ಹುಡುಗರು ನಿಂತಿದ್ದ ಜಾಗದಿಂದ ಮೂರು ಕಿಡಿಗಳು ಎದ್ದವು. ಒಂದು ಕೆಂಪು, ಒಂದು ನೀಲಿ, ಒಂದು ಹಳದಿ. ಅವು ಕಿಟಕಿಯಿಂದ ಹಾರಿ ಪಶ್ಚಿಮಕ್ಕೆ ಹೋದವು.

ರಾಣಿ ಮಾಂತ್ರಿಕನ ಕಾಲು ಹಿಡಿದಳು. ಮಾಟ ಮಾಡಿದವನು ಅದನ್ನು ಮುರಿಯುವ ದಾರಿಯನ್ನೂ ಹೇಳಲೇಬೇಕು ಎಂಬುದು ಮಾಂತ್ರಿಕರ ಕಟ್ಟಳೆ. ಅವನಿಗೆ ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದ. "ಬರುವ ಶ್ರಾವಣದ ಹುಣ್ಣಿಮೆ ಚಂದ್ರ ಹುಟ್ಟುವಾಗ, ಅವರು ಹುಟ್ಟಿದ ಈ ಮನೆಯೊಳಗೇ ಜೀವಂತವಾಗಿದ್ದರೆ ಮತ್ತೆ ಮಕ್ಕಳಾಗುತ್ತಾರೆ. ಇಲ್ಲದಿದ್ದರೆ ಎಂದೆಂದಿಗೂ ಹಾಗೆಯೇ. ಕಡಲ ನೀರು ಬಿಟ್ಟರೆ ಅವರು ಬದುಕುವುದಿಲ್ಲ. ಕಡಲು ಈ ಬೆಟ್ಟ ಹತ್ತುವುದಿಲ್ಲ." ಹೀಗೆ ಹೇಳಿ ಠಣ್ ಠಣ್ ಎನ್ನಿಸುತ್ತಾ ಹೊರಟುಹೋದ.

ಒಂದು ಮಾತನ್ನು ಮಾತ್ರ ಅವನು ಹೇಳಲಿಲ್ಲ. ಮಾಟ ಮುರಿದರೆ ಮಾಡಿದವನ ಶಕ್ತಿಯೂ ಅದರ ಜೊತೆಗೇ ಹೋಗುತ್ತದೆ.

ಅರಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ವಾರಿಜೆಗೆ ಆಗ ಹದಿನಾರು ವರ್ಷ. ಅವಳು ಅಪ್ಪನ ಹತ್ತಿರ ಬಂದು ನಿಂತಳು.

"ಅಪ್ಪಾಜಿ, ಕಡಲು ಬೆಟ್ಟ ಹತ್ತದಿದ್ದರೆ ನಾನು ಹೊತ್ತು ತರುತ್ತೇನೆ."

"ಎಷ್ಟು ಅಂತ ಹೊರುತ್ತೀ, ಮಗಳೇ?"

"ಮೂವರಿಗೆ ಸಾಕಾಗುವಷ್ಟು."

ರಾಜ ಮಗಳ ಮುಖ ನೋಡಿದ. ಬೇರೆ ಉಪಾಯ ಅವನ ಬಳಿಯೂ ಇರಲಿಲ್ಲ. ಎತ್ತಿನ ಗಾಡಿಗಳು ಸಿದ್ಧವಾದವು. ದಾರಿಯಲ್ಲಿ ಅಮ್ಮಣ್ಣಿಗೆ ಅಡುಗೆ ಮಾಡುವವರು ಯಾರು ಎಂದು ಬೊಮ್ಮಕ್ಕನೂ ಸೌಟು ಹಿಡಿದು ಗಾಡಿ ಹತ್ತಿದಳು.

ಅವರು ಬೆಟ್ಟ ಇಳಿದರು, ಕಾಡು ದಾಟಿದರು, ಹೊಳೆ ದಾಟಿದರು. ಒಂದು ಬೆಳಗ್ಗೆ ಮರಳಿನ ದಿಬ್ಬ ಹತ್ತಿದಾಗ ಎದುರಿಗೆ ಕಡಲಿತ್ತು. ಬೊಮ್ಮಕ್ಕ ಸೀದಾ ನೀರಿಗೆ ಹೋಗಿ ಸೌಟಿನಲ್ಲಿ ಮೊಗೆದು ಬಾಯಿಗೆ ಹಾಕಿಕೊಂಡಳು. ತಕ್ಷಣ ಉಗಿದಳು.

"ಯಾರೋ ಉಪ್ಪು ಜಾಸ್ತಿ ಸುರಿದಿದಾರೆ ಅಮ್ಮಣ್ಣಿ. ಇಷ್ಟು ನೀರನ್ನೂ ಹಾಳು ಮಾಡಿದಾರೆ."

ದಡದಲ್ಲಿ ಬಂಡೆಗಳಿದ್ದವು. ಬಂಡೆಗಳ ನಡುವೆ ತಿಳಿನೀರಿನ ಗುಂಡಿಯೊಂದಿತ್ತು. ಅದರ ತುಂಬ ಕಡಲ ನಕ್ಷತ್ರಗಳು. ನೂರಾರು. ಕೆಂಪಿನವು, ನೀಲಿಯವು, ಹಳದಿಯವು, ಚುಕ್ಕೆಯವು. ಒಂದೊಂದಕ್ಕೂ ಐದು ತೋಳು. ವಾರಿಜೆ "ಅರಿಂಜಯಾ" ಎಂದು ಕೂಗಿದಳು. "ಪುರಂಜಯಾ, ಶತ್ರುಂಜಯಾ" ಎಂದು ಕೂಗಿದಳು. ಒಂದೂ ಅಲುಗಲಿಲ್ಲ.

"ಅವಕ್ಕೆ ಕಿವಿ ಇಲ್ಲ, ತಾಯಿ," ಎಂದಿತು ಒಂದು ಬಂಡೆ.

ಅದು ಬಂಡೆಯಲ್ಲ, ಕಡಲಾಮೆ. ಚಿಪ್ಪಿನ ಮೇಲೆ ಪಾಚಿ ಬೆಳೆಯುವಷ್ಟು ವಯಸ್ಸಾಗಿತ್ತು. ವಾರಿಜೆ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದಳು.

"ಮೂರು ಕಿಡಿಗಳು ಈ ಗುಂಡಿಗೇ ಬಿದ್ದವು. ನಾನು ನೋಡಿದೆ," ಎಂದಿತು ಆಮೆ. "ಆದರೆ ಯಾವ ಮೂರು ಎಂದು ನೀನೇ ಗುರುತು ಹಿಡಿಯಬೇಕು. ತಪ್ಪಿ ಬೇರೆಯವನ್ನು ಒಯ್ದರೆ ನಿನ್ನವರು ಇಲ್ಲೇ ಉಳಿಯುತ್ತಾರೆ. ನೀರಿನಲ್ಲಿ ಕೈಯಿಟ್ಟು ಮಾತಾಡು. ಮಾತು ಅವರ ಮೈಗೆ ತಾಗುತ್ತದೆ."

ವಾರಿಜೆ ಬಂಡೆಯ ಮೇಲೆ ಕೂತು ಎರಡು ಕೈಯನ್ನೂ ನೀರಿಗಿಟ್ಟಳು. ಏನು ಹೇಳಿದರೆ ತಮ್ಮಂದಿರು ಸುಮ್ಮನಿರಲಾರರು ಎಂದು ಯೋಚಿಸಿದಳು. ಆಮೇಲೆ ಹೇಳತೊಡಗಿದಳು: ಮಾಂತ್ರಿಕ ಗೊರಕೆ ಹೊಡೆದದ್ದು, ಜಡೆಗೆ ಗಂಟು ಬಿದ್ದದ್ದು, ಅವನು ಎದ್ದು ಒಂದು ಹೆಜ್ಜೆ ಇಟ್ಟದ್ದು. ಕಾಲು ಮೇಲಾದದ್ದನ್ನು ಹೇಳುವಾಗ ಗುಂಡಿಯ ಆ ಮೂಲೆಯಲ್ಲಿ ಒಂದು ಕೆಂಪು ನಕ್ಷತ್ರದ ತೋಳಿನ ತುದಿ ಮೇಲಕ್ಕೆ ಸುರುಳಿಯಾಯಿತು. ಈ ಮೂಲೆಯಲ್ಲಿ ಒಂದು ನೀಲಿಯದು ಗಡಗಡ ನಡುಗಿತು. ಮಂತ್ರಿಯ ಪೇಟ ಮೃದಂಗದ ಮೇಲೆ ಬಿದ್ದದ್ದನ್ನು ಹೇಳಿದಾಗ ಒಂದು ಪುಟ್ಟ ಹಳದಿ ನಕ್ಷತ್ರ ನಕ್ಕು ನಕ್ಕು ಬಂಡೆಯ ಹಿಡಿತ ಬಿಟ್ಟು ಕೆಳಗೆ ಬಿತ್ತು.

"ಇವರೇ," ಎಂದಳು ವಾರಿಜೆ. ಅವಳ ಕಣ್ಣೀರು ಗುಂಡಿಯ ನೀರಿಗೆ ಬಿದ್ದರೂ ರುಚಿಯೇನೂ ಬದಲಾಗಲಿಲ್ಲ.

ಕೆಂಪಿನವನು ಅರಿಂಜಯ, ನೀಲಿಯವನು ಪುರಂಜಯ, ಹಳದಿಯವನು ಕಿರಿಯ ಶತ್ರುಂಜಯ. ಅವಳು ಅವರನ್ನು ಎತ್ತಿಕೊಳ್ಳಲು ಕೈ ಚಾಚಿದಳು.

"ತಡೆ," ಎಂದಿತು ಆಮೆ. "ಗಾಳಿಗೆ ಎತ್ತಬೇಡ. ಗಾಳಿ ಒಳಗೆ ಹೋದರೆ ಸಾಯುತ್ತಾರೆ. ಮುಳುಗಿಸಿದ ಮಡಕೆಯೊಳಗೆ ಅವರಾಗಿ ಹತ್ತಬೇಕು, ನೀರಿನ ಸಮೇತ ಒಯ್ಯಬೇಕು. ಅದೂ ಈಗಲೇ ಅಲ್ಲ. ಮೊದಲು ಅವರಿಗೊಂದು ಮನೆ ಮಾಡು. ಇಲ್ಲಿಯ ನೀರು, ಇಲ್ಲಿಯ ಮರಳು, ಪಾಚಿ ಹಿಡಿದ ಇಲ್ಲಿಯ ಕಲ್ಲು ಒಯ್ದು ಕೊಳ ತುಂಬಿಸು. ಆಮೇಲೆ ಕಾಯಬೇಕು. ಹೊಸ ನೀರು ಇನ್ನೂ ಹಸಿ. ಕಲ್ಲಿನಲ್ಲಿರುವ ಸಣ್ಣ ಜೀವಗಳೆಲ್ಲ ಅಲ್ಲಿ ಒಗ್ಗಿಕೊಂಡು ಬೆಳೆಯುವ ತನಕ ಇವರನ್ನು ಬಿಡಬೇಡ. ಇನ್ನೊಂದು ಮಾತು. ಆ ನೀರಿಗೆ ತಾಮ್ರ ತಾಗಬಾರದು. ಒಂದು ಚಮಚದಷ್ಟು ತಾಮ್ರ ಸಾಕು, ನಕ್ಷತ್ರಗಳು ಕರಗಿಹೋಗುತ್ತವೆ."

ಹಾಗೆಂದು ಆಮೆ ಅವಳಿಗೊಂದು ಬಿಳಿ ಶಂಖ ಕೊಟ್ಟಿತು. ಅದರೊಳಗೆ ಒಂದು ಮರಿ ಅಲೆ ವಾಸವಾಗಿತ್ತು. ನೀರಿನಲ್ಲಿಟ್ಟರೆ ಅದು ಉಸಿರಾಡುತ್ತಾ ನೀರನ್ನು ತೂಗುತ್ತಿತ್ತು.

ಮೇಘಗಿರಿಯ ಆಸ್ಥಾನದ ನಡುವೆ ಸ್ಫಟಿಕದ ಹಲಗೆಗಳನ್ನು ಅರಗಿನಿಂದ ಬೆಸೆದು ದೊಡ್ಡ ಕೊಳ ಕಟ್ಟಿದರು. ಮಣ್ಣಿನ ಕೊಡಗಳಲ್ಲಿ, ಮರದ ಪೀಪಾಯಿಗಳಲ್ಲಿ ತಂದ ಕಡಲನ್ನು ಅದಕ್ಕೆ ಸುರಿದರು. ಮರಳು ಹಾಸಿ, ಕಲ್ಲು ಜೋಡಿಸಿ, ಮೂಲೆಯಲ್ಲಿ ಶಂಖ ಇಟ್ಟರು. ಊರಿನವರೆಲ್ಲ ಸಾಲುಗಟ್ಟಿ ಬಂದು ನೋಡಿದರು. ಮೊದಲ ದಿನ ಕೊಳ ವಜ್ರದಂತೆ ಹೊಳೆಯಿತು. ಕೆಲವು ದಿನ ಕಳೆದ ಮೇಲೆ ನೀರು ಅಕ್ಕಿ ತೊಳೆದ ನೀರಿನಂತೆ ಮಂಕಾಯಿತು. ಆಮೇಲೆ ಕಲ್ಲಿನ ಮೇಲೆ ಕಂದು ಲೋಳೆ ಹಬ್ಬಿತು. ಆಸ್ಥಾನದಲ್ಲಿ ವಾಸನೆ ಎದ್ದಿತು. ಜನ ಬರುವುದನ್ನು ಬಿಟ್ಟರು.

ಆಗ ಒಬ್ಬ ಪರದೇಶದ ವೈದ್ಯ ಬಂದ. ತಲೆಗೆ ದೊಡ್ಡ ಮುಂಡಾಸು ಸುತ್ತಿದ್ದ. ಅವನು ತಾಮ್ರಜಟಿಯೇ. ಜಡೆಯನ್ನು ಮುಂಡಾಸಿನೊಳಗೆ ಸುತ್ತಿಟ್ಟಿದ್ದ.

"ಮಹಾರಾಜ, ಕಾಯುವುದೇಕೆ?" ಎಂದ. "ಅಲ್ಲಿ ಅಲೆಗಳ ಹೊಡೆತಕ್ಕೆ ಮಕ್ಕಳು ಸಣ್ಣಗಾಗುತ್ತಿದ್ದಾರೆ. ಇಲ್ಲಿ ನೀರಿದೆ, ಉಪ್ಪಿದೆ. ಇಂದೇ ತರಿಸಿ."

ರಾಜ ಮಗಳನ್ನು ಕರೆದು, "ನಾಳೆಯೇ ಹೊರಡು, ಕರೆದುಕೊಂಡು ಬಾ," ಎಂದ.

ವಾರಿಜೆಗೂ ಹೊರಡುವ ಆಸೆಯೇ. ದಿನವೂ ಬೆಳಗ್ಗೆ ಎದ್ದು ಅವಳೂ ಪಶ್ಚಿಮಕ್ಕೆ ನೋಡುತ್ತಿದ್ದಳು. ಆದರೂ ಅಪ್ಪನ ಕೈ ಹಿಡಿದು ಕೊಳದ ಬಳಿ ಕರೆದುಕೊಂಡು ಹೋದಳು. ಕಲ್ಲುಗಳ ಜೊತೆ ಕೆಲವು ಕಡಲ ಬಸವನಹುಳುಗಳೂ ಬಂದಿದ್ದವು. ಅವು ಒಂದರ ಹಿಂದೆ ಒಂದು ಸ್ಫಟಿಕದ ಗೋಡೆ ಹತ್ತಿ, ನೀರು ಬಿಟ್ಟು ಮೇಲೆ ಬಂದು, ಅಂಚಿನಲ್ಲಿ ಕೂತಿದ್ದವು.

"ನೋಡಿ ಅಪ್ಪಾಜಿ. ಇವು ಕಡಲಲ್ಲೇ ಹುಟ್ಟಿದವು. ಇವೇ ಈ ನೀರಿನಲ್ಲಿ ಇರಲಾರದೆ ಹೊರಗೆ ಬಂದಿವೆ. ಇದರೊಳಗೆ ತಮ್ಮನನ್ನು ಬಿಡಲೇ?"

ರಾಜ ಬಗ್ಗಿ ಹುಳುಗಳನ್ನು ನೋಡಿದ. "ಬೇಡ," ಎಂದ. "ನೀನು ಹೇಳಿದಾಗಲೇ ಹೋಗು." ತಿರುಗಿ ನೋಡಿದರೆ ವೈದ್ಯ ಅಲ್ಲಿರಲಿಲ್ಲ.

ಅವರು ಕಾದರು. ಕಂದು ಲೋಳೆ ತಾನಾಗಿ ಕರಗಿತು. ಕಲ್ಲಿನ ಮೇಲೆ ಎಳೆ ಹಸಿರು ಚಿಗುರಿತು. ಕಲ್ಲಿನ ತೂತುಗಳಿಂದ ಅಕ್ಕಿನುಚ್ಚಿನಷ್ಟು ಸಣ್ಣ ಸೀಗಡಿಗಳು ಹೊರಬಂದು ಕುಣಿದವು. ನೀರು ತಿಳಿಯಾಗಿ ಅದರಿಂದ ಕಡಲಿನ ಗಾಳಿಯ ಪರಿಮಳ ಬಂತು. ಒಂದು ಮಧ್ಯಾಹ್ನ ಬಸವನಹುಳುಗಳು ಗೋಡೆ ಇಳಿದು ನೀರಿನೊಳಗೆ ಹೋದವು. ವಾರಿಜೆ ಅವತ್ತೇ ಗಾಡಿ ಕಟ್ಟಿಸಿದಳು.

ಮಡಕೆಗಳಲ್ಲಿ ಕೂತು ತಮ್ಮಂದಿರು ಬೆಟ್ಟ ಹತ್ತಿದರು. ಮನೆ ಮುಟ್ಟಿದ ಮೇಲೂ ವಾರಿಜೆ ಅವಸರ ಮಾಡಲಿಲ್ಲ. ಬೆಳಗ್ಗೆಯಿಂದ ಸಂಜೆಯ ತನಕ ಮಡಕೆಯ ಬಳಿ ಕೂತು, ಕೊಳದ ನೀರನ್ನು ನೆನೆಸಿದ ಹತ್ತಿಬತ್ತಿಯ ತುದಿಯಿಂದ ಹನಿ ಹನಿಯಾಗಿ ಮಡಕೆಗೆ ಬೀಳಿಸಿದಳು. ಹಳೆಯ ನೀರಿಗೂ ಹೊಸ ನೀರಿಗೂ ಪರಿಚಯವಾಗಲಿ ಎಂದು. ಪಕ್ಕದಲ್ಲೇ ಕೂತ ರಾಣಿ, "ಹೆರಿಗೆಗೂ ಇಷ್ಟು ಹೊತ್ತು ಹಿಡಿಯಲಿಲ್ಲ," ಎಂದಳು. ಬಹಳ ದಿನಗಳ ಮೇಲೆ ರಾಣಿ ನಗುವುದನ್ನು ಎಲ್ಲರೂ ನೋಡಿದರು.

ದೀಪ ಹಚ್ಚುವ ಹೊತ್ತಿಗೆ ಮೂರು ನಕ್ಷತ್ರಗಳು ಕೊಳದೊಳಗೆ ತೆವಳಿ ಹೋದವು.

ಅಂದಿನಿಂದ ಅರಮನೆಗೆ ಜೀವ ಬಂತು. ಅರಿಂಜಯ ಸಿಂಹಾಸನದ ಕಡೆಯ ಗೋಡೆಗೆ ಅಂಟಿಕೊಂಡು ಇಡೀ ದಿನ ರಾಜ್ಯಭಾರ ನೋಡುತ್ತಿದ್ದ. ಪುರಂಜಯ ಯಾವಾಗ ನೋಡಿದರೂ ತಲೆಕೆಳಗು. ತಲೆ ಯಾವುದು ಎಂದು ಯಾರಿಗೂ ಗೊತ್ತಿರದಿದ್ದರೂ ಅವನು ತಲೆಕೆಳಗಾಗಿದ್ದಾನೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಶತ್ರುಂಜಯ ಶಂಖದ ಬಾಯಿಯ ಮುಂದೆ ಕೂತು, ಮರಿ ಅಲೆ ತಳ್ಳಿದಾಗ ಜಾರಿ ಹೋಗಿ, ಮತ್ತೆ ತೆವಳಿ ಬಂದು ಕೂರುತ್ತಿದ್ದ. ಬೊಮ್ಮಕ್ಕ ಕಡಲಿನಿಂದ ತರಿಸಿದ, ಒಳಗೆ ಮಾಂಸವಿದ್ದ ಚಿಪ್ಪುಗಳನ್ನು ಬಿದಿರಿನ ಚಿಮುಟದಲ್ಲಿ ಹಿಡಿದು ಒಬ್ಬೊಬ್ಬರ ಮುಂದೆ ಇಡುತ್ತಿದ್ದಳು. ಮೊದಲ ದಿನ ಅವರು ಉಣ್ಣುವುದನ್ನು ನೋಡಿ ಅವಳು ಹೌಹಾರಿದಳು.

"ಅಮ್ಮಣ್ಣಿ, ಹೊಟ್ಟೆಯನ್ನೇ ಹೊರಗೆ ತೆಗೆದು ಊಟದ ಮೇಲೆ ಹೊದಿಸ್ತಾರೆ. ಇಂಥ ಊಟ ನಾನು ಬಡಿಸೇ ಇಲ್ಲ."

"ಚೆನ್ನಾಗಿ ತಿಂದರಾ?"

"ಚಿಪ್ಪು ನೆಕ್ಕಿಟ್ಟಿದಾರೆ."

ಬೇಸಿಗೆ ಬಂತು. ಬಿಸಿಲಿಗೆ ಕೊಳದ ನೀರು ದಿನವೂ ಸ್ವಲ್ಪ ಇಳಿಯುತ್ತಿತ್ತು. ವಾರಿಜೆ ಬೆಟ್ಟದ ಬುಗ್ಗೆಯ ಸಿಹಿನೀರನ್ನು ಅಳೆದು ಹಾಕಿ ಸರಿಮಾಡುತ್ತಿದ್ದಳು. ಒಮ್ಮೆ ಅವಳು ಜ್ವರ ಬಂದು ಮಲಗಿದಳು. ಅಷ್ಟರಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಅಡುಗೆಮನೆಯ ಬಾಗಿಲಿಗೆ ಬಂದ. ಅವನ ತಲೆಯ ಮೇಲೂ ದೊಡ್ಡ ಮುಂಡಾಸು. ಅವನೂ ತಾಮ್ರಜಟಿಯೇ.

"ಕಡಲು ಇಳಿದರೆ ಸಿಹಿನೀರು ಹಾಕುವವರುಂಟೇ, ತಾಯಿ?" ಎಂದು ಬೊಮ್ಮಕ್ಕನಿಗೆ ಹೇಳಿದ. "ಮಕ್ಕಳಿಗೆ ನೀರು ಸಪ್ಪೆಯಾಗುತ್ತದೆ. ಉಪ್ಪು ಕರಗಿಸಿ ಹಾಕು. ಹಣ ಬೇಡ, ಪುಣ್ಯಕ್ಕೆ ಕೊಡುತ್ತೇನೆ."

ಬೊಮ್ಮಕ್ಕನಿಗೆ ಅದು ಸರಿ ಅನ್ನಿಸಿತು. ಅವಳು ಬೆಳಗ್ಗೆ ಉಪ್ಪುನೀರು ಹಾಕಿದಳು, ಸಂಜೆ ಹಾಕಿದಳು. ಕೆಲವು ದಿನಗಳಲ್ಲಿ ಅರಿಂಜಯ ಗೋಡೆ ಬಿಟ್ಟು ಮರಳಿಗೆ ಇಳಿದ. ಪುರಂಜಯನ ತೋಳುಗಳು ನೆನೆದ ಬಟ್ಟೆಯಂತೆ ಜೋತುಬಿದ್ದವು. ಶತ್ರುಂಜಯನ ಒಂದು ತೋಳು ಕಳಚಿ ಬಿತ್ತು.

ಬೊಮ್ಮಕ್ಕ ಅಳುತ್ತಾ ಓಡಿ ಬಂದಳು. ವಾರಿಜೆ ಜ್ವರದಲ್ಲೇ ಎದ್ದು ಬಂದು ಕೊಳದ ನೀರನ್ನು ನಾಲಿಗೆಗೆ ಹಚ್ಚಿಕೊಂಡಳು. ಬಾಯಿ ಕಹಿಯಾಯಿತು.

"ಬೊಮ್ಮಕ್ಕ, ನೀರಿಗೆ ಏನು ಹಾಕಿದೆ?"

ಬೊಮ್ಮಕ್ಕ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಹೊಳೆಯಿತು. "ಅಯ್ಯೋ ನನ್ನ ಬುದ್ಧಿಯೇ. ಸಾರು ಕುದ್ದು ಇಂಗಿದರೆ ಉಪ್ಪಾಗುತ್ತೆ. ಹೋಗೋದು ನೀರು ಮಾತ್ರ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತೆ. ದಿನಾ ಮಾಡೋ ಕೆಲಸ, ಇಲ್ಲಿ ಮರೆತುಬಿಟ್ಟೆನಲ್ಲ ಅಮ್ಮಣ್ಣಿ. ನನ್ನನ್ನ ಏನು ಬೇಕಾದರೂ ಮಾಡಿ."

"ನೀನು ಬೇಕಂತ ಮಾಡಲಿಲ್ಲ," ಎಂದಳು ವಾರಿಜೆ. "ಅಳುವುದಕ್ಕೆ ಆಮೇಲೆ ಹೊತ್ತಿದೆ. ಬುಗ್ಗೆಯ ನೀರು ತಾ. ಒಟ್ಟಿಗೆ ಸುರಿಯಬೇಡ. ಏರಿದ ಉಪ್ಪು ಮೆಲ್ಲಗೆ ಇಳಿಯಬೇಕು."

ಉಪ್ಪಾದ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಜಾಡಿಗಳಿಗೆ ತುಂಬಿದರು. ಸಿಹಿನೀರಿನ ಮಡಕೆಯನ್ನು ಮೇಲೆ ತೂಗುಹಾಕಿ, ಬತ್ತಿಯಿಂದ ಹನಿ ಹನಿಯಾಗಿ ಬಿಟ್ಟರು. ವಾರಿಜೆ ಆಗಾಗ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಬೊಮ್ಮಕ್ಕನೂ ನೋಡುತ್ತಿದ್ದಳು. ಉಪ್ಪಿನ ವಿಷಯದಲ್ಲಿ ಅವಳ ನಾಲಿಗೆಗಿಂತ ಒಳ್ಳೆಯ ನಾಲಿಗೆ ಆ ರಾಜ್ಯದಲ್ಲಿರಲಿಲ್ಲ. "ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಈಗ ಸರಿ, ಅವತ್ತು ಕಡಲದಡದಲ್ಲಿ ಉಗಿದೆನಲ್ಲ, ಅದೇ ರುಚಿ," ಎಂದಳು ಕೊನೆಗೆ.

ಅರಿಂಜಯ ಮತ್ತೆ ಗೋಡೆ ಹತ್ತಿದ. ಪುರಂಜಯ ಮತ್ತೆ ತಲೆಕೆಳಗಾದ. ನಾಲ್ಕೇ ತೋಳಿನ ಶತ್ರುಂಜಯ ಒಂದು ಮೂಲೆಯಲ್ಲಿ ಮುದುಡಿ ಕೂತಿದ್ದ. ರಾಣಿ ದಿನವೂ ಅವನ ಬಳಿಯ ನೀರಿಗೆ ಬೆರಳಿಟ್ಟು ಹಾಡು ಹೇಳುತ್ತಿದ್ದಳು. ಒಂದು ದಿನ ಅವಳು ಹಾಡು ನಿಲ್ಲಿಸಿ, "ವಾರಿಜಾ, ಇಲ್ಲಿ ಬಾ," ಎಂದು ಕರೆದಳು.

ತೋಳು ಬಿದ್ದ ಜಾಗದಲ್ಲಿ ಅವರೆಬೀಜದಷ್ಟು ಸಣ್ಣ ಹಳದಿ ಮೊಳಕೆಯೊಂದು ಎದ್ದಿತ್ತು.

ಮಳೆಗಾಲ ಬಂತು. ಮೋಡಗಳು ಕಿಟಕಿಯಿಂದ ಒಳಗೆ ಬಂದು ಕೊಳವನ್ನು ನೋಡಿ ಹೋದವು. ಶ್ರಾವಣದ ಹುಣ್ಣಿಮೆಯ ದಿನವೂ ಬಂತು. ಆ ಸಂಜೆ ಆಸ್ಥಾನದ ತುಂಬ ಜನ ಸೇರಿದ್ದರು. ಹಬ್ಬದ ಶುಚಿ ಎಂದು ವಾರಿಜೆ ಬೆಳಗ್ಗೆ ಕೊಳದ ಕೆಳಗಿನ ಕೊಳೆನೀರನ್ನು ಕೊಳವೆಯಿಂದ ತೆಗೆದು ಜಾಡಿಗಳಿಗೆ ತುಂಬಿಸಿ, ಕೊಳದ ಪಕ್ಕದಲ್ಲೇ ಇಟ್ಟಿದ್ದಳು.

ಆಗ ಆಟಿಕೆ ಮಾರುವವನೊಬ್ಬ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಅವನ ಕೈಯಲ್ಲಿ ಪಳಪಳ ಹೊಳೆಯುವ ಒಂದು ಪುಟ್ಟ ದೋಣಿ.

"ರಾಜಕುಮಾರರಿಗೆ ಹಬ್ಬದ ಉಡುಗೊರೆ," ಎಂದ. "ನೀರಿನಲ್ಲಿ ತೇಲಿಬಿಡಿ, ಮಕ್ಕಳು ಖುಷಿಪಡಲಿ."

ದೋಣಿ ನಿಜಕ್ಕೂ ಚೆಲುವಾಗಿತ್ತು. ರಾಜನೇ ಅದನ್ನು ಕೈಗೆ ತೆಗೆದುಕೊಂಡು ಮಗಳಿಗೆ ಕೊಟ್ಟ. ವಾರಿಜೆ ಅದನ್ನು ಹಿಡಿದು ನೋಡಿ, ಆಮೇಲೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದಳು. ತಾಮ್ರದ ಹಂಡೆಯಿಂದ ನೀರು ಮೊಗೆದಾಗ ಕೈಗೆ ಹತ್ತುವ ವಾಸನೆ.

"ಇದು ಯಾವ ಲೋಹ, ಅಣ್ಣ?"

"ಚಿನ್ನ, ತಾಯಿ."

"ಹಾಗಾದರೆ ಇದು ಅಪ್ಪಾಜಿಯ ಭಂಡಾರಕ್ಕೆ ಹೋಗಲಿ. ನೀರಿಗೆ ಬೇಡ," ಎಂದು ದೋಣಿಯನ್ನು ಸಿಂಹಾಸನದ ಮೆಟ್ಟಿಲ ಮೇಲಿಟ್ಟಳು.

ಕಿಟಕಿಯಾಚೆ ಪೂರ್ವದ ಬೆಟ್ಟದ ಹಿಂದೆ ಬೆಳಕು ಮೂಡುತ್ತಿತ್ತು. ಆಟಿಕೆಯವನಿಗೆ ತಾಳ್ಮೆ ಉಳಿಯಲಿಲ್ಲ. ಅವನು ಮುಂಡಾಸನ್ನು ಕಿತ್ತೆಸೆದ. ಜಡೆ ಠಣ್ ಎಂದು ನೆಲಕ್ಕೆ ಬಿತ್ತು. ಜನ ಹೆದರಿ ಹಿಂದೆ ಸರಿದರು. "ದೋಣಿ ಬೇಡವಾದರೆ ಇದು ಇರಲಿ," ಎನ್ನುತ್ತಾ ತಾಮ್ರಜಟಿ ಜಡೆಯ ತುದಿಯನ್ನು ಕೈಯಲ್ಲಿ ಹಿಡಿದು, ಅದನ್ನು ನೀರಿಗೆ ಅದ್ದಲು ಕೊಳದ ಕಡೆ ಓಡಿದ.

ವಾರಿಜೆ ಕೊಳಕ್ಕೆ ಅಡ್ಡ ನಿಂತಳು. ಕೈಗೆ ಸಿಕ್ಕಿದ ಜಾಡಿ ಎತ್ತಿ ಅದರಲ್ಲಿದ್ದ ಉಪ್ಪುನೀರನ್ನು ಅವನ ತಲೆಯ ಮೇಲೆ ಸುರಿದಳು. ಬೊಮ್ಮಕ್ಕ ಎರಡನೆಯ ಜಾಡಿ ಸುರಿದಳು. ಮೂರನೆಯದನ್ನು ರಾಣಿ ಚಿತ್ರಾಂಬೆಯೇ ಎತ್ತಿ ಸುರಿದಳು.

ಹೊಳೆಯುತ್ತಿದ್ದ ಜಡೆ ಮಂಕಾಯಿತು. ತುದಿಯಿಂದ ಬುಡದ ತನಕ ಹಸಿರು ಕಿಲುಬು ಏರಿತು. ವರ್ಷಗಳಲ್ಲಿ ಆಗುವ ಕೆಲಸ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆಯಿತು. ಅವನು ಮಂತ್ರ ಹೇಳಲು ತಲೆ ಕೊಡವಿದ. ಜಡೆ ಒಣಕಡ್ಡಿಯಂತೆ ಪಟಪಟನೆ ಮುರಿದು, ಹಸಿರು ಪುಡಿಯಾಗಿ ಸುತ್ತಲೂ ಉದುರಿತು. ಒಂದು ಚೂರೂ ಕೊಳದೊಳಗೆ ಬೀಳದಂತೆ ರಾಜ ತನ್ನ ಜರತಾರಿ ಶಾಲನ್ನು ಬಿಚ್ಚಿ ನೀರಿನ ಮೇಲೆ ಚಾಚಿ ಹಿಡಿದಿದ್ದ.

ಜಡೆ ಹೋದ ಮೇಲೆ ಅಲ್ಲಿ ನಿಂತಿದ್ದವನು ಬೋಳುತಲೆಯ ಒಬ್ಬ ಸಾಮಾನ್ಯ ಮನುಷ್ಯ. ಮೈಯೆಲ್ಲ ನೆನೆದು ಚಳಿಗೆ ನಡುಗುತ್ತಿದ್ದ.

ಅಷ್ಟರಲ್ಲಿ ಚಂದ್ರ ಹುಟ್ಟಿದ. ಬೆಳಕು ಕಿಟಕಿಯಿಂದ ಬಂದು ಕೊಳದ ಮೇಲೆ ಬಿತ್ತು. ನೀರು ಉಕ್ಕಿತು. ಮೊದಲು ಅರಿಂಜಯನ ತಲೆ ಮೇಲೆ ಬಂತು. ಆಮೇಲೆ ಪುರಂಜಯನ ಎರಡು ಕಾಲು ಬಂದವು, ತಲೆ ನಿಧಾನವಾಗಿ ಬಂತು. ಶತ್ರುಂಜಯ ಮಾತ್ರ ಕಾಣಲಿಲ್ಲ. ರಾಣಿ ಸೀರೆಯ ಸಮೇತ ಕೊಳಕ್ಕೆ ಇಳಿದಳು. ಶಂಖದ ಹಿಂದಿನಿಂದ ಕಿರಿಯವನು ನಗುತ್ತಾ ಎದ್ದು ಅಮ್ಮನ ಕೊರಳಿಗೆ ಜೋತುಬಿದ್ದ.

ಅವನ ಬಲಗೈ ಮೊದಲಿನಂತೆಯೇ ಇತ್ತು. ಎಡಗೈ ಹಸುಗೂಸಿನ ಕೈಯಷ್ಟೇ ಇತ್ತು. ತೋಳು ಇನ್ನೂ ಪೂರ್ತಿ ಬೆಳೆದಿರಲಿಲ್ಲವಲ್ಲ. ಅವನು ಆ ಪುಟ್ಟ ಬೆರಳುಗಳನ್ನು ಕಣ್ಣೆದುರು ಹಿಡಿದು ತಿರುಗಿಸಿ ನೋಡಿದ.

"ಬೆಳೆಯುತ್ತೆ ಬಿಡಮ್ಮ," ಎಂದ. "ನನಗೆ ಅಭ್ಯಾಸವಾಗಿದೆ." ನಿಜವಾಗಿಯೂ ಅದು ತಿಂಗಳಿಂದ ತಿಂಗಳಿಗೆ ಬೆಳೆದು ಬಲಗೈಯ ಸಮಕ್ಕೆ ಬಂತು.

ಮಾಂತ್ರಿಕನನ್ನು ಏನು ಮಾಡುವುದು ಎಂದು ರಾಜ ಕೇಳಿದ. ಸೆರೆಮನೆ ಎಂದರು ಕೆಲವರು, ಗಡೀಪಾರು ಎಂದರು ಕೆಲವರು. ಬೊಮ್ಮಕ್ಕ, "ನನಗೆ ಕೊಡಿ ಬುದ್ಧಿ," ಎಂದಳು. ಅರಮನೆಯ ಅಡುಗೆಮನೆಯಲ್ಲಿ ತಾಮ್ರದ ಹಂಡೆಗಳಿಗೆ ಲೆಕ್ಕವಿರಲಿಲ್ಲ. ಅವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುವ ಕೆಲಸ ಅವನಿಗೆ ಸಿಕ್ಕಿತು. ಮೊದಲು ಗೊಣಗಿದ. ಆಮೇಲೆ ಬೊಮ್ಮಕ್ಕನ ಕೈಯ ಊಟ ಹಿಡಿಸಿತು. ಕ್ರಮೇಣ ಆ ರಾಜ್ಯದಲ್ಲೇ ಅವನು ತಿಕ್ಕಿದಷ್ಟು ಹೊಳೆಯುವ ಹಂಡೆ ಇಲ್ಲ ಎಂದು ಅವನೇ ಹೇಳಿಕೊಂಡು ತಿರುಗತೊಡಗಿದ.

ಮಳೆ ಕಡಿಮೆಯಾದ ಮೇಲೆ ರಾಜ, ರಾಣಿ, ಮಕ್ಕಳು ಎಲ್ಲರೂ ಕಡಲಿಗೆ ಹೊರಟರು. ವಜ್ರಬಾಹು ಮರಳಿನ ದಿಬ್ಬದ ಮೇಲೆ ನಿಂತು ಕಡಲನ್ನು ನೋಡಿದ. ಆಮೇಲೆ ಕಿರೀಟ ತೆಗೆದು ಗಾಡಿಯಲ್ಲಿಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗೆ ಇಳಿದ.

ಹುಡುಗರು ನೇರವಾಗಿ ಬಂಡೆಗಳ ನಡುವಿನ ಗುಂಡಿಗೆ ಓಡಿದರು. ಶತ್ರುಂಜಯ ಅಂಚಿನಲ್ಲಿ ಬೋರಲು ಮಲಗಿ, ಇನ್ನೂ ಬೆಳೆಯುತ್ತಿದ್ದ ಪುಟ್ಟ ಕೈಯನ್ನು ನೀರಿಗೆ ಬಿಟ್ಟ. ಚುಕ್ಕೆ ಚುಕ್ಕೆಯ ಒಂದು ನಕ್ಷತ್ರ ಮೆಲ್ಲಗೆ ತೆವಳಿ ಬಂದು ಅವನ ಅಂಗೈ ಮೇಲೆ ಹತ್ತಿ ಕೂತಿತು. ಅವನು ಕಿಲಕಿಲ ನಕ್ಕ.

"ಏನಂತೆ?" ಎಂದು ಕೇಳಿದಳು ವಾರಿಜೆ, ಪಕ್ಕದಲ್ಲಿ ಕೂರುತ್ತಾ.

"ಇವನು ನನ್ನ ಗೆಳೆಯ, ಅಕ್ಕ. ಬೆಟ್ಟದ ಮೇಲೆ ನಿನ್ನ ಕೊಳ ಖಾಲಿ ಇದೆಯಂತೆ, ಹೌದಾ ಅಂತ ಕೇಳ್ತಿದಾನೆ. ಮೋಡ ಒಳಗೆ ಬರೋದನ್ನ ಅವನೂ ನೋಡಬೇಕಂತೆ."

ವಾರಿಜೆ ನೀರಿನೊಳಗೆ ಕೈಯಿಟ್ಟಳು. ಮಾತು ಅದರ ಮೈಗೆ ತಾಗಲಿ ಎಂದು ನಿಧಾನವಾಗಿ ಹೇಳಿದಳು. "ಬರಲಿ. ನೀರು ಹದವಾಗಿದೆ, ಕಲ್ಲಿನ ಮೇಲೆ ಹಸಿರಿದೆ. ಮನಸ್ಸಾದಾಗ ವಾಪಸ್ಸು ಕರೆದುಕೊಂಡು ಬಂದು ಬಿಡುತ್ತೇನೆ."

ನಕ್ಷತ್ರ ಒಂದು ತೋಳೆತ್ತಿ ಅವಳ ಬೆರಳಿಗೆ ಸುತ್ತಿಕೊಂಡಿತು. ಬೊಮ್ಮಕ್ಕ ಗಾಡಿಯಿಂದ ಮಣ್ಣಿನ ಮಡಕೆ ತರಲು ಹೊರಟಳು.

ಆ ಮಡಕೆ ಸುಖವಾಗಿ ಬೆಟ್ಟ ಹತ್ತಿತು. ಮೇಘಗಿರಿಯವರು ಉಂಡುಟ್ಟು, ನಕ್ಕು ನಲಿದು, ಬಹುಕಾಲ ಬಾಳಿದರು. ಕತೆ ಕೇಳಿದವರ ಮನೆಯಲ್ಲೂ ನಗು ಹಾಗೆಯೇ ತುಂಬಿರಲಿ.